ಧರ್ಮ ಎಲ್ಲಿಂದ ಬಂತು ಅಂತ ಓದಿಕೊಂಡೆ, ಈಗ ಮನೆಯಲ್ಲಿ ಏನು ಮಾಡಲಿ? ಅನುಭವ ಇದ್ದವರು ಹೇಳಿ

ಕೇಳಿದವರು

ಐದು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಅದಕ್ಕೂ ಒಂದೆರಡು ವರ್ಷ ಮೊದಲಿನಿಂದ ನಾನು ಧರ್ಮದ ಹುಟ್ಟಿನ ಬಗ್ಗೆ, ವಿಕಾಸವಾದದ ಕಡೆಯಿಂದ, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ದೇವರು ನಮ್ಮ ಮಿದುಳಿನ ಕೆಲಸದ ಒಂದು ಅಡ್ಡಫಲ ಅಂತ ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿದೆ. ಆದರೆ ಅಮ್ಮನಿಗೆ ಈಗ ಪ್ರಾರ್ಥನೆಯೇ ಆಸರೆ. ನಾನೂ ಪಕ್ಕದಲ್ಲಿ ಕೂರಲಿ ಅಂತ ಆಸೆ. ಕೂತರೆ ನಾಟಕ ಆಡಿದ ಹಾಗೆ ಅನ್ನಿಸುತ್ತದೆ. ಎದ್ದು ಹೋದರೆ ಅಮ್ಮನ ಮುಖ ನೋಡಲಾಗುವುದಿಲ್ಲ. ಇದರ ಮಧ್ಯೆ ಏಳು ವರ್ಷದ ಮಗಳು, "ತಾತ ಈಗ ಎಲ್ಲಿದ್ದಾರೆ? ನಾನು ಮಾತಾಡಿದರೆ ಕೇಳುತ್ತಾ?" ಅಂತ ದಿನಾ ಕೇಳುತ್ತಾಳೆ. ಇದೇ ದಾರಿಯಲ್ಲಿ ಹೋದವರು ಏನು ಮಾಡಿದಿರಿ? ವಾದ ಬೇಡ, ದಯವಿಟ್ಟು ನಿಮ್ಮ ಅನುಭವ ಹೇಳಿ.

ಚಿಕ್ಕ ಮಕ್ಕಳ ಟೀಚರ್

ಅಪ್ಪ ಹೋದ ದುಃಖ ಇನ್ನೂ ಹಸಿ ಇರುತ್ತದೆ, ಧೈರ್ಯ ತಂದುಕೊಳ್ಳಿ. ನಾನು ಮಗಳ ವಿಷಯ ಮಾತ್ರ ಹೇಳುತ್ತೇನೆ.

2004ರಲ್ಲಿ ಜೆಸ್ಸಿ ಬೆರಿಂಗ್ ಮತ್ತು ಡೇವಿಡ್ ಬ್ಯೋರ್ಕ್‌ಲುಂಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳಿಗೆ ಒಂದು ಗೊಂಬೆಯಾಟ ತೋರಿಸಿದರು. ಅದರಲ್ಲಿ ಪುಟ್ಟ ಇಲಿಯನ್ನು ಮೊಸಳೆ ತಿಂದುಬಿಡುತ್ತದೆ. ಇಲಿಯ ಮಿದುಳು ಇನ್ನೂ ಕೆಲಸ ಮಾಡುತ್ತದಾ ಅಂತ ಕೇಳಿದರೆ, ಇಲ್ಲ ಅಂತ ಬಹಳ ಮಕ್ಕಳು ಸರಿಯಾಗಿಯೇ ಹೇಳಿದರು. ಇಲಿಗೆ ಈಗಲೂ ಅಮ್ಮನ ಮೇಲೆ ಪ್ರೀತಿ ಇದೆಯಾ ಅಂದರೆ ಮಾತ್ರ, ಇದೆ ಅಂದವರು ಜಾಸ್ತಿ. ದೊಡ್ಡ ಮಕ್ಕಳಿಗಿಂತ ಚಿಕ್ಕ ಮಕ್ಕಳೇ ಹೀಗೆ ಹೆಚ್ಚು ಹೇಳಿದರು. ಹೇಳಿಕೊಟ್ಟದ್ದರಿಂದಲೇ ಇದೆಲ್ಲ ಬರುವುದಾದರೆ ವಯಸ್ಸಾದಂತೆ ಹೆಚ್ಚಾಗಬೇಕಿತ್ತು, ಅಲ್ವಾ?

ಅಂದರೆ ನಿಮ್ಮ ಮಗಳಿಗೆ ಯಾರೋ ತಲೆಗೆ ತುಂಬಿದ್ದಾರೆ ಅಂತ ಗಾಬರಿಯಾಗಬೇಡಿ. ದೇಹ ನಿಂತುಹೋಗುವುದನ್ನು ಊಹಿಸುವುದು ಸುಲಭ. ಒಬ್ಬರ ಮನಸ್ಸು ನಿಂತುಹೋಗುವುದನ್ನು ಊಹಿಸಲು ನಮಗೂ ಕಷ್ಟ. ನನ್ನ ತರಗತಿಯಲ್ಲಿ ಹೀಗೆ ಯಾರಾದರೂ ಕೇಳಿದರೆ ನಾನು ಮೊದಲು ಉತ್ತರ ಕೊಡುವುದಿಲ್ಲ. "ಯಾಕಮ್ಮಾ, ಏನು ಹೇಳಬೇಕಿತ್ತು ತಾತನಿಗೆ?" ಅಂತ ಕೇಳುತ್ತೇನೆ. ಮಕ್ಕಳು ಕೇಳುವ ಪ್ರಶ್ನೆಯ ಹಿಂದೆ ಇನ್ನೊಂದು ಇರುತ್ತದೆ.

ಹಳೇ ವಾದಗಾರ

ನಿಮ್ಮ ಪ್ರಶ್ನೆಯಲ್ಲಿ ಹದಿನೈದು ವರ್ಷ ಹಿಂದಿನ ನಾನೇ ಕಂಡೆ. ಆದರೆ ನಿಮ್ಮಷ್ಟು ಒಳ್ಳೆಯವನಾಗಿರಲಿಲ್ಲ. ಎದ್ದು ಹೋಗಲು ನಿಮಗೆ ಸಂಕೋಚ. ನಾನು ಎದ್ದು ಹೋಗುತ್ತಿರಲಿಲ್ಲ, ಕೂತು ಪಾಠ ಮಾಡುತ್ತಿದ್ದೆ.

ಅಕ್ಕನ ಮಗ ಒಮ್ಮೆ ಐಸಿಯುನಲ್ಲಿದ್ದ. (ಹುಷಾರಾದ. ಈಗ ನನಗಿಂತ ಉದ್ದ ಇದ್ದಾನೆ.) ಅಕ್ಕ ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಡಾರ್ವಿನ್ ನಾಯಿಯ ಕಥೆ ಶುರುಮಾಡಿದೆ. 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆಯುವಾಗ ಡಾರ್ವಿನ್ ಇದನ್ನು ಹೇಳುತ್ತಾನೆ. ಅವನ ನಾಯಿ ಹುಲ್ಲಿನ ಮೇಲೆ ಮಲಗಿತ್ತು. ಸ್ವಲ್ಪ ದೂರದಲ್ಲಿ ಬಿಚ್ಚಿಟ್ಟ ಒಂದು ಛತ್ರಿ. ಗಾಳಿಗೆ ಛತ್ರಿ ಅಲ್ಲಾಡಿದಾಗಲೆಲ್ಲ ನಾಯಿ ಗುರ್ ಅನ್ನುತ್ತಿತ್ತು. ಕಾರಣ ಕಾಣದೆ ಏನಾದರೂ ಅಲ್ಲಾಡಿದರೆ ಅಲ್ಲಿ ಯಾರೋ ಇದ್ದಾರೆ ಅಂತ ನಾಯಿಗೆ ಅನ್ನಿಸಿರಬೇಕು, ಕಾಣದ ಶಕ್ತಿಗಳ ನಂಬಿಕೆಯೂ ಇಂಥದ್ದರಿಂದಲೇ ಬೆಳೆದಿರಬಹುದು ಅಂತ ಅವನ ಊಹೆ.

ಅಷ್ಟಕ್ಕೇ ಬಿಡಲಿಲ್ಲ ನಾನು. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪುಟ್ಟ ಚಲನಚಿತ್ರವನ್ನೂ ತಂದೆ. ಎರಡು ತ್ರಿಕೋನ, ಒಂದು ವೃತ್ತ, ಅವು ಸುಮ್ನೆ ಓಡಾಡುತ್ತವೆ. ನೋಡಿದವರು ಹೇಳಿದ್ದು ಮಾತ್ರ ಜಗಳ, ಭಯ, ಬೆನ್ನಟ್ಟುವಿಕೆಯ ಕಥೆ. ಪೊದೆ ಅಲ್ಲಾಡಿದರೆ ಹುಲಿ ಅಂದುಕೊಂಡು ಓಡುವವನು ಬದುಕುತ್ತಾನೆ, ಗಾಳಿ ಅಂದುಕೊಂಡು ನಿಂತವನು ಒಮ್ಮೆ ತಪ್ಪಿದರೂ ಮುಗಿಯಿತು, ಆದ್ದರಿಂದ ನಾವೆಲ್ಲ ಹೆದರಿ ಓಡಿದವರ ಮಕ್ಕಳು ಅಂತ ಮುಗಿಸಿದೆ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಸರಿ, ನಾನೇ ಆ ನಾಯಿ. ಈಗ ಹೋಗಿ ಔಷಧಿ ಬಿಲ್ ಕಟ್ಟಿ ಬಾ" ಅಂದಳು. ಆಮೇಲೆ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಓದಿದ್ದು ತಪ್ಪಲ್ಲ, ಅರ್ಧ ಓದಿದ್ದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಇದ್ದು ಬಂದ. ದಡಕ್ಕೆ ಅಂಟಿಕೊಂಡ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನವರು ಮಂತ್ರ-ಗಿಂತ್ರ ಏನೂ ಮಾಡುತ್ತಿರಲಿಲ್ಲ. ಅಲ್ಲಿ ಕೈಚಳಕ ಸಾಕು. ತೆರೆದ ಸಮುದ್ರಕ್ಕೆ ಹೊರಟರೆ ಮಾತ್ರ ಮಂತ್ರದ ಸಾಲು ಸಾಲು. ಹಾಗಂತ ದೋಣಿ ಕಟ್ಟುವುದರಲ್ಲಿ ಕಡಿಮೆ ಮಾಡುತ್ತಿರಲಿಲ್ಲ. ಕೆಲಸವನ್ನೂ ಪೂರ್ತಿ ಮಾಡುತ್ತಿದ್ದರು, ಮಂತ್ರವನ್ನೂ ಹೇಳುತ್ತಿದ್ದರು. ಅಕ್ಕನೂ ಅಷ್ಟೇ. ಡಾಕ್ಟರ್ ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದ್ದಳು. ಉಳಿದಿದ್ದು ಕಾಯುವುದು. ಆ ಕಾಯುವ ಹೊತ್ತಿಗೆ ಅವಳ ಹತ್ತಿರ ಪ್ರಾರ್ಥನೆ ಇತ್ತು. ನನ್ನ ಹತ್ತಿರ ನಾಯಿ ಕಥೆ ಇತ್ತು.

ಇನ್ನೊಂದು, ಅಡ್ಡಫಲ ಅನ್ನುವುದು ಕಥೆಯ ಒಂದು ಕಡೆ ಮಾತ್ರ. ಪೊದೆಯಲ್ಲಿ ಯಾರೋ ಇದ್ದಾರೆ ಅನ್ನಿಸುವುದಕ್ಕೂ, ನೂರಾರು ಜನ ಒಟ್ಟಿಗೆ ಕೂತು ಒಂದೇ ದನಿಯಲ್ಲಿ ಹಾಡುವುದಕ್ಕೂ ಮಧ್ಯೆ ಬಹಳ ದೂರ ಇದೆ. ಆ ಎರಡನೆಯದನ್ನು ರಿಚರ್ಡ್ ಸೋಸಿಸ್ ಎಂಬ ಮಾನವಶಾಸ್ತ್ರಜ್ಞರು ನೋಡಿದರು. 19ನೇ ಶತಮಾನದ ಅಮೆರಿಕದಲ್ಲಿ ಆಸ್ತಿ ಹಂಚಿಕೊಂಡು ಒಟ್ಟಿಗೆ ಬದುಕಲು ಹೊರಟ ಗುಂಪುಗಳು ತುಂಬಾ ಇದ್ದವು. ಕೆಲವು ಧರ್ಮದ ಮೇಲೆ ನಿಂತವು, ಕೆಲವು ಬರೀ ಆದರ್ಶದ ಮೇಲೆ. ಧರ್ಮದವು ಹೆಚ್ಚು ಕಾಲ ಉಳಿದವು. ಅವುಗಳಲ್ಲೂ ಅದು ತಿನ್ನಬೇಡ, ಇದು ಉಡಬೇಡ ಅಂತ ಹೆಚ್ಚು ಕಟ್ಟುಪಾಡು ಹಾಕಿದವೇ ಇನ್ನೂ ಗಟ್ಟಿ. ಆದರ್ಶದ ಗುಂಪುಗಳಲ್ಲಿ ಕಟ್ಟುಪಾಡು ಎಷ್ಟು ಹಾಕಿದರೂ ಆಯುಸ್ಸು ಹೆಚ್ಚಲಿಲ್ಲ. ಇದು ನನ್ನಂಥವನಿಗೆ ಸ್ವಲ್ಪ ಚುಚ್ಚುತ್ತದೆ.

ಖಾತ್ರಿ ಅಂದಿರಲ್ಲ, ಅದನ್ನು ಸ್ವಲ್ಪ ಸಡಿಲ ಬಿಡಿ. ತಪ್ಪು ಮಾಡಿದವರನ್ನು ಶಿಕ್ಷಿಸುವ ದೊಡ್ಡ ದೇವರು ಮೊದಲು ಬಂದನೋ, ದೊಡ್ಡ ಸಮಾಜ ಮೊದಲು ಬಂತೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಸಮಾಜವೇ ಮೊದಲು ಅಂತ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ನಾನು ಕುಣಿದಾಡಿ ಎಲ್ಲರಿಗೂ ಕಳಿಸಿದೆ. 2021ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಮಾಹಿತಿಯೇ ಇಲ್ಲದ ಕಡೆಗಳನ್ನು ಲೆಕ್ಕಕ್ಕೆ ಹಿಡಿದ ರೀತಿ ಸರಿ ಇರಲಿಲ್ಲ ಅಂತ ಬೇರೆಯವರು ತೋರಿಸಿದ್ದರು. ನಾನು ಯಾರಿಗೆಲ್ಲ ಕಳಿಸಿದ್ದೆನೋ ಅವರಿಗೆ ಈ ಸುದ್ದಿ ಕಳಿಸಲು ಮಾತ್ರ ಮರೆತೆ!

ಈಗ ನಾನು ಏನು ಮಾಡುತ್ತೇನೆ ಅಂದರೆ, ಅಕ್ಕನ ಜೊತೆ ಕೂರುತ್ತೇನೆ. ಒಂದು ಸಲ ನೇರವಾಗಿ ಹೇಳಿದೆ, "ನನಗೆ ನಂಬಿಕೆ ಇಲ್ಲ, ನಿನ್ನ ಜೊತೆ ಇರೋಕೆ ಬರುತ್ತೇನೆ" ಅಂತ. ಬಾಯಿಬಿಟ್ಟು ಹೇಳುವ ಜಾಗದಲ್ಲಿ ಸುಮ್ಮನಿರುತ್ತೇನೆ, ಹಾಡು ಬಂದರೆ ಹಾಡುತ್ತೇನೆ. ಮುಚ್ಚಿಟ್ಟು ಕೂತಿದ್ದರೆ ನಾಟಕ ಆಗುತ್ತಿತ್ತು. ನೀವೂ ಅಮ್ಮನಿಗೆ ಒಂದು ಸಲ ಹೇಳಿ ನೋಡಿ. ಆದರೆ ಛತ್ರಿ, ನಾಯಿ ಯಾವುದೂ ಬೇಡ.

ಬಿಟ್ಟು ಬಂದವನು

ಮೇಲಿನವರದು ಒಳ್ಳೆಯ ಅನುಭವ, ಎಲ್ಲರದೂ ಹಾಗಿರುವುದಿಲ್ಲ. ನಮ್ಮ ಮನೆಯಲ್ಲಿ "ಪಕ್ಕ ಕೂತ್ಕೊ" ಅಂದರೆ "ಹೇಳಿದ್ದು ಕೇಳು" ಅಂತ ಅರ್ಥ. ಮೊದಲು ಕೂರುವುದು, ಆಮೇಲೆ ಯಾರ ಜೊತೆ ಸ್ನೇಹ ಮಾಡಬೇಕು, ಕೊನೆಗೆ ಯಾರನ್ನು ಮದುವೆಯಾಗಬೇಕು. ಕಟ್ಟುಪಾಡು ಇದ್ದ ಗುಂಪು ಗಟ್ಟಿ ಅಂದಿರಿ. ಹೌದು, ಒಳಗಿದ್ದವರಿಗೆ. ಹೊರಗೆ ಕಾಲಿಟ್ಟವನಿಗೆ ಅದೇ ಗಟ್ಟಿತನ ಗೋಡೆ. ಯಾರು ಒಳಗೆ, ಯಾರು ಹೊರಗೆ ಅಂತ ಗುರುತು ಹಾಕುವುದೂ ಧರ್ಮದ ಹಳೇ ಕೆಲಸವೇ. ತಂಗಿ ಇವತ್ತಿಗೂ ಕದ್ದು ಫೋನ್ ಮಾಡುತ್ತಾಳೆ.

ನಿಮ್ಮ ಅಮ್ಮ ಹಾಗಲ್ಲ ಅನ್ನಿಸುತ್ತದೆ. ಕೂರಿ. ಆದರೆ ನಾಳೆ ಮಗಳನ್ನೂ ಕೂರಿಸು ಅಂದರೆ, ಕೂರುವುದೋ ಬಿಡುವುದೋ ಅವಳಿಗೇ ಬಿಡುತ್ತಾರಾ ನೋಡಿಕೊಳ್ಳಿ.

ನರ್ಸ್, 16 ವರ್ಷ ಸರ್ವಿಸ್

ಪ್ರಾರ್ಥನೆಯಿಂದ ಆರೋಗ್ಯ ಬರುತ್ತದಾ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಎರಡು ಅಧ್ಯಯನ ನೆನಪಿಟ್ಟುಕೊಂಡಿದ್ದೇನೆ.

2006ರಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1802 ರೋಗಿಗಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಕೆಲವರಿಗಾಗಿ ಅಪರಿಚಿತರು ದೂರದಿಂದ ಪ್ರಾರ್ಥಿಸಿದರು. ಅದರಿಂದ ಉಪಯೋಗ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಅಂತ ಖಚಿತವಾಗಿ ಗೊತ್ತಿದ್ದ ಗುಂಪಿನಲ್ಲಿ ತೊಂದರೆಗಳು ಜಾಸ್ತಿಯೇ ಆದವು, 59 ಶೇಕಡಾ. ಪ್ರಾರ್ಥನೆ ನಡೆದರೂ ಅದು ಖಚಿತವಾಗಿ ಗೊತ್ತಿಲ್ಲದವರಲ್ಲಿ 52. "ನನಗೆ ಅಷ್ಟು ಸೀರಿಯಸ್ಸಾ" ಅಂತ ಹೆದರಿದರೋ ಏನೋ, ನಾನಾಗಿದ್ದರೆ ಹೆದರುತ್ತಿದ್ದೆ.

ಇನ್ನೊಂದು 2016ರದು. ಅಮೆರಿಕದಲ್ಲಿ ಸುಮಾರು 74,500 ನರ್ಸ್‌ಗಳನ್ನು 16 ವರ್ಷ ಗಮನಿಸಿದ್ದರು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಸಾಮೂಹಿಕ ಪ್ರಾರ್ಥನೆಗೆ ಹೋಗುವವರಲ್ಲಿ, ಹೋಗದೇ ಇರುವವರಿಗಿಂತ ಸಾವಿನ ಪ್ರಮಾಣ 33 ಶೇಕಡಾ ಕಡಿಮೆ. ಇದು ಗಮನಿಸಿದ್ದು, ಪ್ರಯೋಗ ಅಲ್ಲ. ಆರೋಗ್ಯ ಇದ್ದವರೇ ಹೊರಗೆ ಹೋಗುತ್ತಾರೆ ಅಂತಲೂ ವಾದಿಸಬಹುದು, ಅದಕ್ಕೂ ಅವರು ಲೆಕ್ಕ ಹಾಕಿ ನೋಡಿದ್ದಾರೆ. ಜನರ ಒಡನಾಟ, ಸಿಗರೇಟು ಕಡಿಮೆ, ಖಿನ್ನತೆ ಕಡಿಮೆ, ಇವೆಲ್ಲ ಸ್ವಲ್ಪ ಸ್ವಲ್ಪ ಕಾರಣ.

ವಾರ್ಡಿನಲ್ಲಿ ನಾನು ಕಂಡಿದ್ದೂ ಹೆಚ್ಚುಕಡಿಮೆ ಇದೇ. ಮಂಚದ ಸುತ್ತ ನಾಲ್ಕು ಜನ ಇದ್ದರೆ ರೋಗಿ ಊಟ ಮಾಡುತ್ತಾರೆ. ನಿಮ್ಮ ಅಮ್ಮ ಮನೆಯಲ್ಲಿ ಒಬ್ಬರೇ ಕೂರುವುದಕ್ಕಿಂತ, ಅವರ ವಯಸ್ಸಿನವರು ಸೇರುವ ಕಡೆ ಹೋಗಲಿ. ನೀವು ಕರೆದುಕೊಂಡು ಹೋಗಿ ಬಿಟ್ಟು ಬಂದರೂ ಸಾಕು.

ನಂಬುವವಳು

ನಾನು ದೇವರನ್ನು ನಂಬುತ್ತೇನೆ, ವಿಕಾಸವನ್ನೂ ಒಪ್ಪುತ್ತೇನೆ. ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ. ಲೆಕ್ಕ ಮಾಡುವ ಶಕ್ತಿಯೂ ವಿಕಾಸದಿಂದಲೇ ಬಂದದ್ದು. ಅದಕ್ಕೆ ಎರಡು ಎರಡು ನಾಲ್ಕು ಸುಳ್ಳಾಗುತ್ತದಾ? ನಂಬಿಕೆ ಹೇಗೆ ಹುಟ್ಟಿತು ಅಂತ ಗೊತ್ತಾದ ಮಾತ್ರಕ್ಕೆ ನಂಬಿದ್ದು ಇಲ್ಲ ಅಂತ ಆಗುವುದಿಲ್ಲ.

ಹಳೇ ವಾದಗಾರ

ಒಪ್ಪಿದೆ. ಆದರೆ ಲೆಕ್ಕ ತಪ್ಪಿದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ, ಇದು ತಪ್ಪಿದರೆ ಎಲ್ಲಿ ಗೊತ್ತಾಗುತ್ತದೆ? ಇಷ್ಟಕ್ಕೇ ನಿಲ್ಲಿಸುತ್ತೇನೆ, ವಾದ ಬೇಡ ಅಂದಿದ್ದಾರೆ.

ಒಂದು ಸಲ ಪ್ರಯತ್ನಿಸಿದವನು

2013ರಲ್ಲಿ ಲಂಡನ್ನಿನಲ್ಲಿ ಇಬ್ಬರು ಹಾಸ್ಯ ಕಲಾವಿದರು ಸಂಡೇ ಅಸೆಂಬ್ಲಿ ಅಂತ ಶುರುಮಾಡಿದರು. ದೇವರಿಲ್ಲದ ಪ್ರಾರ್ಥನಾ ಸಭೆ. ಹಾಡು, ಒಂದು ಭಾಷಣ, ಆಮೇಲೆ ಚಹಾ, ಹರಟೆ. ಬೇರೆ ದೇಶಗಳಿಗೂ ಹಬ್ಬಿತು, ಆಮೇಲೆ ಎಷ್ಟೋ ಕಡೆ ಮುಚ್ಚಿತು. ಅದನ್ನು ನೋಡಿ ನಾವೂ ಹದಿನೈದು ಜನ ತಿಂಗಳಿಗೊಮ್ಮೆ ಸೇರಲು ಶುರುಮಾಡಿದೆವು. ಎಂಟನೇ ತಿಂಗಳಿಗೆ ಬಂದವರು ಮೂರು ಜನ, ಅದರಲ್ಲಿ ಒಬ್ಬ ನಾನು. ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ ನೋಡಿ, ಬರದೇ ಇರಲು ಒಂದು ಮಳೆ ಸಾಕಾಯಿತು.

ಆ ಮೂವರು ಮಾತ್ರ ಇವತ್ತಿಗೂ ಸೇರುತ್ತೇವೆ. ಒಬ್ಬರ ಮನೆಯಲ್ಲಿ ಸಾವಾದಾಗ ಹೋಗಿ ಸಾಮಾನು ಹೊತ್ತೆವು. ಮಾಡಲು ಒಂದು ಕೆಲಸ ಇದ್ದರೆ ಗುಂಪು ನಿಲ್ಲುತ್ತದೆ ಅಂತ ನನ್ನ ಅಂದಾಜು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ.

ಅಮ್ಮನಿಗೆ ಹೇಳಿದೆ. ನಾಲ್ಕು ದಿನ ಮಾತು ಕೂಡಿಸಿಕೊಂಡು ಹೋಗಿದ್ದೆ. ಅಮ್ಮ, "ನೀನು ನಂಬ್ತೀಯ ಅಂತ ನಾನು ಯಾವತ್ತು ಅಂದುಕೊಂಡಿದ್ದೆ? ಕೂತ್ಕೊ ಅಂದೆ ಅಷ್ಟೇ" ಅಂದರು. ಈಗ ಸಂಜೆ ಕೂರುತ್ತೇನೆ. ಅಪ್ಪ ಕೂರುತ್ತಿದ್ದ ಜಾಗ ಖಾಲಿ ಕಾಣುತ್ತಿತ್ತು, ಅದಕ್ಕೇ ಕರೆದದ್ದು ಅಂತ ಈಗ ಗೊತ್ತಾಗುತ್ತಿದೆ. ಬಿಟ್ಟು ಬಂದವರು ಹೇಳಿದ್ದೂ ತಲೆಯಲ್ಲಿದೆ. ಮಗಳನ್ನು ಇನ್ನೂ ಯಾರೂ ಕರೆದಿಲ್ಲ.

ಟೀಚರ್ ಮೇಡಂ, ನೀವು ಹೇಳಿದ ಹಾಗೆ, "ತಾತನಿಗೆ ಏನು ಹೇಳಬೇಕಿತ್ತು?" ಅಂತ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಬಣ್ಣದ ಪೆನ್ಸಿಲ್ ಡಬ್ಬಿಯಿಂದ ಅಪ್ಪನ ಕನ್ನಡಕ ತೆಗೆದು ಕೊಟ್ಟಳು. ಒಂದು ಕಾಲು ಮುರಿದಿತ್ತು. ಆಸ್ಪತ್ರೆಗೆ ಹೋಗುವ ದಿನ ಇಡೀ ಮನೆ ಹುಡುಕಿದ್ದೆವು ಅದನ್ನು. "ತಾತನಿಗೆ ನನ್ನ ಮೇಲೆ ಸಿಟ್ಟು ಇದೆಯಾ?" ಅಂದಳು. ಇಲ್ಲ ಅಂದೆ. ಇದಕ್ಕೆ ಯಾವ ಥಿಯರಿಯೂ ಬೇಕಾಗಲಿಲ್ಲ.