ಪ್ಯಾರಿಷ್, ಸೆಟಲ್‌ಮೆಂಟ್, ಫಾದರ್-ಇನ್-ಲಾ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನ ತಮ್ಮ ಮನೆತನದ ಜಾಡು ಹಿಡಿಯಲು ಯಾವ ಹಳೆಯ ದಾಖಲೆಗಳನ್ನು ನೋಡುತ್ತಾರೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಉದಾಹರಣೆಗೆ ಡೆವನ್ ಸೀಮೆಯ ಕಾಲಿಟನ್ ಎಂಬ ಊರನ್ನು ಇಟ್ಟುಕೊಂಡಿದ್ದೇನೆ. ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಚರ್ಚಿನಲ್ಲಿ ಬರೆದಿಡಬೇಕೆಂದು 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. ಕಾಲಿಟನ್ನಿನ ಪುಸ್ತಕಗಳು ಆ ವರ್ಷದಿಂದಲೇ ಸಿಗುತ್ತವೆ. ಇವನ್ನೇ ಹಿಡಿದು ಇತಿಹಾಸಕಾರ ಇ. ಎ. ರಿಗ್ಲಿ ಒಂದೊಂದು ಕುಟುಂಬವನ್ನೂ ಜೋಡಿಸುತ್ತಾ ಹೋದರು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಹೆಣ್ಣುಮಕ್ಕಳು ಸುಮಾರು 30ರ ವಯಸ್ಸಿನಲ್ಲಿ ಮದುವೆಯಾಗುತ್ತಿದ್ದರು ಎಂದು 1966ರಲ್ಲಿ ತೋರಿಸಿಕೊಟ್ಟರು.

ಈಗ ಪದಗಳಿಗೆ ಬರೋಣ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ. ಇದಕ್ಕೆ ನಮ್ಮ ಕಥೋಲಿಕರು 'ಧರ್ಮಕೇಂದ್ರ' ಅನ್ನುತ್ತಾರೆ. ಪ್ರೊಟೆಸ್ಟೆಂಟರಲ್ಲಿ 'ಸಭೆ' ಬಳಕೆಯಲ್ಲಿದೆ. ಚರ್ಚಿನ ಮಟ್ಟಿಗೆ ಎರಡೂ ಸರಿ. ಆದರೆ ಅಲ್ಲಿನ ಪ್ಯಾರಿಷ್‌ಗೆ ಚರ್ಚಿನ ಆಚೆಗೂ ಕೆಲಸವಿತ್ತು. 1555ರ ಕಾಯ್ದೆ ಊರಿನ ರಸ್ತೆ ರಿಪೇರಿಯನ್ನು ಅದರ ಹೆಗಲಿಗೆ ಹಾಕಿತು. 1601ರ ಕಾಯ್ದೆಯಂತೆ ಅದು ತೆರಿಗೆ ಎತ್ತಿ ಬಡವರನ್ನು ನೋಡಿಕೊಳ್ಳಬೇಕಿತ್ತು. 'ಧರ್ಮಕೇಂದ್ರ' ಅಂದರೆ ಈ ಅರ್ಥ ಬರುವುದಿಲ್ಲ, ಅಲ್ವಾ? 'ಗ್ರಾಮ' ಅನ್ನೋಣ ಅಂದರೆ ಒಂದೇ ಪ್ಯಾರಿಷ್‌ನಲ್ಲಿ ನಾಲ್ಕಾರು ಹಳ್ಳಿಗಳು ಇರುವುದುಂಟು. ಸುಮ್ನೆ 'ಪ್ಯಾರಿಷ್' ಅಂತಲೇ ಉಳಿಸಿಕೊಳ್ಳುವುದು ಒಳ್ಳೆಯದು ಅನ್ನಿಸುತ್ತದೆ.

ನನಗೆ ಜಾಸ್ತಿ ತೊಡಕಾಗಿರುವುದು 'ಸೆಟಲ್‌ಮೆಂಟ್', ಅಂದರೆ ಒಂದು ಪ್ಯಾರಿಷ್‌ನಿಂದ ನೆರವು ಪಡೆಯಲು ಬಡವನಿಗಿದ್ದ ಹಕ್ಕು. 1662ರ ಕಾಯ್ದೆಯ ನಂತರ ಪ್ರತಿ ಬಡವನಿಗೂ ತನ್ನದು ಅನ್ನುವ ಒಂದು ಪ್ಯಾರಿಷ್ ಇರಬೇಕಾಯಿತು. ಕೈಲಾಗದೆ ಹೋದರೆ ನೆರವು ಕೊಡಬೇಕಾದದ್ದು ಆ ಊರು ಮಾತ್ರ. ಒಂದೇ ಯಜಮಾನನ ಹತ್ತಿರ ವರ್ಷಪೂರ್ತಿ ಆಳಾಗಿ ದುಡಿದರೆ, ಇಲ್ಲವೇ ಕರಾರಿನ ಮೇಲೆ ಕಸುಬು ಕಲಿತರೆ, ಹೊಸ ಊರಿನಲ್ಲಿ ಈ ಹಕ್ಕು ದಕ್ಕುತ್ತಿತ್ತು. ಮದುವೆಯಾದ ಹೆಣ್ಣಿಗೆ ಗಂಡನ ಊರೇ ಗತಿ. ಹೊರಗಿನವರು ತಮಗೆ ಹೊರೆಯಾಗುತ್ತಾರೆ ಅನ್ನಿಸಿದರೆ ಊರಿನವರು ಇಬ್ಬರು ನ್ಯಾಯಾಧಿಕಾರಿಗಳ ಆದೇಶ ಪಡೆದು ಸಾಗಹಾಕುತ್ತಿದ್ದರು. ಅದಕ್ಕೆ ಮೊದಲು ವಿಚಾರಣೆ ನಡೆಯುತ್ತಿತ್ತು. ಎಲ್ಲಿ ಹುಟ್ಟಿದ್ದು, ಯಾರ ಹತ್ತಿರ ದುಡಿದದ್ದು, ಸಂಬಳ ಎಷ್ಟು, ಮಕ್ಕಳೆಷ್ಟು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಓದು ಬರಹ ಬಾರದ ಕೂಲಿಯವನ ಬದುಕು ಅವನ ಬಾಯಿಂದಲೇ ಕಾಗದಕ್ಕೆ ಇಳಿದಿರುವುದು ಇಲ್ಲಿ. ನನಗಂತೂ ಜಮೀನ್ದಾರರ ವಂಶಾವಳಿಗಿಂತ ಇದೇ ದೊಡ್ಡ ಆಸ್ತಿ.

ಇದಕ್ಕೆ 'ನಿವಾಸ' ಅಂದರೆ ತಪ್ಪಾಗುತ್ತದೆ. ಇಪ್ಪತ್ತು ವರ್ಷ ಒಂದು ಊರಿನಲ್ಲಿ ವಾಸವಿದ್ದರೂ ಈ ಹಕ್ಕು ಸಿಗದೇ ಇರಬಹುದಿತ್ತು. ಸದ್ಯಕ್ಕೆ 'ನೆಲೆಹಕ್ಕು' ಅಂತ ಬರೆದುಕೊಂಡಿದ್ದೇನೆ. ವಿಚಾರಣೆಗೆ 'ನೆಲೆ ವಿಚಾರಣೆ'. ಇದಕ್ಕಿಂತ ಸಲೀಸಾದ ಮಾತು ಹೊಳೆದರೆ ದಯವಿಟ್ಟು ಹೇಳಿ.

ಇನ್ನು ನೆಂಟಸ್ತಿಕೆ. ಹಳೆಯ ಉಯಿಲುಗಳಲ್ಲಿ 'ಫಾದರ್-ಇನ್-ಲಾ' ಅಂತಿದ್ದರೆ ಮಾವ ಆಗಿರಬಹುದು, ಮಲತಂದೆಯೂ ಆಗಿರಬಹುದು. ಆಗ ಎರಡಕ್ಕೂ ಅದೇ ಮಾತು ನಡೆಯುತ್ತಿತ್ತು. 'ಕಸಿನ್' ಅಂದರೆ ಕೆಲವು ಸಲ ಅಣ್ಣನ ಮಗ ಅಥವಾ ತಂಗಿಯ ಮಗಳು. ಅಣ್ಣನೋ ತಮ್ಮನೋ, ಭಾವನೋ ಮೈದುನನೋ ಅನ್ನುವುದನ್ನು ಕನ್ನಡ ಬಿಡಿಸಿ ಹೇಳಲೇಬೇಕು. ದಾಖಲೆ ಹೇಳದೇ ಇರುವುದನ್ನು ನಾವು ಊಹಿಸಿ ಬರೆದರೆ ಮುಂದೆ ಓದುವವರ ವಂಶವೃಕ್ಷವೇ ಅಡ್ಡದಾರಿ ಹಿಡಿಯುತ್ತದೆ. ಹಾಗಾಗಿ ಸಂಬಂಧ ಖಚಿತವಾಗದ ಕಡೆ ಇಂಗ್ಲಿಷ್ ಮಾತನ್ನೇ ಕನ್ನಡ ಲಿಪಿಯಲ್ಲಿ ಬಿಡುತ್ತಿದ್ದೇನೆ. ಇದು ಓದಲು ತೊಡಕು ಅನ್ನಿಸುತ್ತದಾ?

ಕೊನೆಯದಾಗಿ, ಮಂಗಳೂರು, ಧಾರವಾಡದ ಕಡೆಯ ಕ್ರೈಸ್ತ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಚರ್ಚಿನಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ದಪ್ಪ ಪುಸ್ತಕಕ್ಕೆ ಹಿರಿಯರು ಏನನ್ನುತ್ತಿದ್ದರು? 'ರಿಜಿಸ್ಟರ್' ಬಿಟ್ಟು ಬೇರೆ ಮಾತಿದ್ದರೆ ಅದನ್ನೇ ಬಳಸುವ ಆಸೆ.