ರಾಗಿ ಹುಲ್ಲಿನ ಜೊತೆ ಕುರಿಗಳಿಗೆ ಸ್ಪಿರುಲಿನಾ ಕೊಡಬಹುದಾ?

ಶಿರಾ ಸೀಮೆ:
ನಮ್ಮಲ್ಲಿ ಇಪ್ಪತ್ತು ಕುರಿ, ನಾಲ್ಕೈದು ಮೇಕೆ ಇವೆ. ಫೆಬ್ರವರಿ ಕಳೆದರೆ ಬಯಲಲ್ಲಿ ಏನೂ ಇರುವುದಿಲ್ಲ, ಮಳೆ ಬೀಳುವ ತನಕ ರಾಗಿ ಹುಲ್ಲೇ ಗತಿ. ಬಣವೆ ತುಂಬಾ ಹುಲ್ಲಿದೆ. ಆದರೂ ಕುರಿಗಳು ನಾಲ್ಕು ಬಾಯಿ ತಿಂದು ಸುಮ್ನೆ ನಿಲ್ಲುತ್ತವೆ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ, ಮರಿ ಹಾಕಿದವಕ್ಕೆ ಹಾಲೂ ಸಾಲದು. ಸ್ಪಿರುಲಿನಾ ಅನ್ನೋ ಪಾಚಿಯ ಪುಡಿ ಕೊಟ್ಟರೆ ಒಣ ಹುಲ್ಲಲ್ಲೇ ಮೈ ಕಟ್ಟುತ್ತವೆ ಅಂತ ಒಂದು ವಿಡಿಯೋ ನೋಡಿದೆ. ನಿಜಾನಾ? ನಮ್ಮೂರ ಕೆರೆಯಲ್ಲಿ ಹಸಿರು ಪಾಚಿ ಕೆನೆಗಟ್ಟಿದೆ. ಅದನ್ನೇ ಒಣಗಿಸಿ ಹಾಕಿದರೆ ಆಗಲ್ವಾ?

ಹಿರಿಯೂರು ಮೇಕೆ:
ದುಡ್ಡು ಕೊಟ್ಟು ಪುಡಿ ಯಾಕೆ? ತೊಟ್ಟಿ ನೀರಲ್ಲಿ ತೇಲಿ ಬೆಳೆಯೋ ಅಜೋಲಾ ಸೊಪ್ಪು ಬೆಳೆಸಿ. ಆದರೆ ಚೆನ್ನಾಗಿ ತೊಳೆದು ಹಾಕಿ. ತೊಟ್ಟಿಗೆ ಹಾಕಿದ ಸಗಣಿಯ ವಾಸನೆ ಉಳಿದರೆ ಮೇಕೆ ಮೂಸಿ ನೋಡಿ ಹೋಗಿಬಿಡುತ್ತದೆ.

ಚಳ್ಳಕೆರೆ ಪಶುವೈದ್ಯೆ:
ಶಿರಾದವರೇ, ಕೆರೆ ಪಾಚಿ ಮಾತ್ರ ದಯವಿಟ್ಟು ಬೇಡ. ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಾಣುವುದು ಎಷ್ಟೋ ಸಲ ಸ್ಪಿರುಲಿನಾ ಅಲ್ಲ, ಮೈಕ್ರೋಸಿಸ್ಟಿಸ್ ಅನ್ನುವ ಬೇರೆ ಪಾಚಿ ಆಗಿರುತ್ತದೆ. ಅದರಲ್ಲಿ ಲಿವರ್ ಕೆಡಿಸುವ ವಿಷ ಇರಬಹುದು. ಒಣಗಿಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇನ್ನೊಂದು ಜಾತಿಯ ಪಾಚಿ ಕಟ್ಟಿದ ನೀರು ಕುಡಿದು ಕುರಿ, ದನಗಳು ಸತ್ತದ್ದು 1878ರಲ್ಲೇ ವರದಿಯಾಗಿದೆ. ಸದ್ಯ ಆ ಕೆರೆ ನೀರನ್ನೂ ಕುಡಿಸಬೇಡಿ, ಬೋರ್‌ವೆಲ್ ನೀರು ಕೊಡಿ.

ಸ್ಪಿರುಲಿನಾ ಕೆಲಸ ಮಾಡುತ್ತದೆ, ಅದರಲ್ಲಿ ಸುಳ್ಳಿಲ್ಲ. ಕುರಿಯ ಮೊದಲ ಹೊಟ್ಟೆಯಲ್ಲಿ ಹುಲ್ಲು ಕರಗಿಸುವುದು ಸೂಕ್ಷ್ಮಜೀವಿಗಳು. ಮೇವಿನಲ್ಲಿ ಪ್ರೋಟೀನ್ ಶೇ. 7-8 ಆದರೂ ಇರದಿದ್ದರೆ ಅವು ಸೊರಗುತ್ತವೆ. ರಾಗಿ ಹುಲ್ಲಲ್ಲಿ ಇರುವುದು ಶೇ. 3-4. ಹಾಗಾಗಿ ಹುಲ್ಲು ಕರಗದೆ ಒಳಗೇ ಕೂರುತ್ತದೆ, ಹೊಟ್ಟೆ ತುಂಬಿದ ಹಾಗಾಗಿ ಕುರಿ ತಿನ್ನುವುದನ್ನು ನಿಲ್ಲಿಸುತ್ತದೆ. ನಾಳೆ ಬೆಳಿಗ್ಗೆ ಹಿಕ್ಕೆ ಒಡೆದು ನೋಡಿ. ಒಣಗಿ ಗಟ್ಟಿಯಾಗಿದ್ದು, ಒಳಗೆ ಹುಲ್ಲಿನ ಎಳೆ ಹಾಗೇ ಕಂಡರೆ ಇದೇ ತೊಂದರೆ ಇರಬೇಕು.

ಈಗ ಖರ್ಚು ನೋಡಿ. ದಿನಕ್ಕೆ ಒಂದು ಕೆಜಿ ಹುಲ್ಲು ತಿನ್ನುವ ಕುರಿಗೆ ಸುಮಾರು 40 ಗ್ರಾಂ ಪ್ರೋಟೀನ್ ಕೊರತೆ. ಸ್ಪಿರುಲಿನಾದಲ್ಲಿ ಶೇ. 60ರಷ್ಟು ಪ್ರೋಟೀನ್ ಇದೆ, ಅಂದರೆ 65 ಗ್ರಾಂ ಪುಡಿ ಬೇಕು. ಕೆಜಿಗೆ 700 ರೂಪಾಯಿ ಅಂತ ಹಿಡಿದರೂ ಒಂದು ಕುರಿಗೆ ದಿನಕ್ಕೆ 45 ರೂಪಾಯಿ! ಅದೇ ಕೊರತೆಯನ್ನು 100 ಗ್ರಾಂ ಕಡಲೆಕಾಯಿ ಹಿಂಡಿ ತುಂಬುತ್ತದೆ. ಕೆಜಿಗೆ 60 ಅಂದರೂ ಆರು ರೂಪಾಯಿ. ಬೂಸ್ಟು ಹಿಡಿದ ಹಿಂಡಿ ಮಾತ್ರ ಬೇಡ.

ಅಜೋಲಾ ಒಳ್ಳೆಯದೇ, ಆದರೆ ಅದರಲ್ಲಿ ಶೇ. 90ಕ್ಕಿಂತ ಜಾಸ್ತಿ ನೀರು. ಈ 40 ಗ್ರಾಂಗೆ ಹತ್ತಿರ ಹತ್ತಿರ ಮೂರು ಕೆಜಿ ಹಸಿ ಅಜೋಲಾ ಬೇಕು. ಎಂಟಡಿ ಉದ್ದ, ನಾಲ್ಕಡಿ ಅಗಲದ ತೊಟ್ಟಿಯಲ್ಲಿ ದಿನಕ್ಕೆ ಒಂದು ಕೆಜಿ ಬಂದರೆ ದೊಡ್ಡದು. ಒಂದೆರಡು ಹಾಲೂಡುವ ಕುರಿಗೆ ಸ್ವಲ್ಪ ಸ್ವಲ್ಪ ಕೊಡಲು ಸರಿ, ಮಂದೆಗೆಲ್ಲ ಸಾಲದು.

ಇಷ್ಟೊಂದು ಹುಲ್ಲು ಇರುವಾಗ, ಈ ಕೊರತೆ ಹುಲ್ಲಲ್ಲೇ ತುಂಬುವ ಹಾಗೆ ಯೂರಿಯಾ ಉಪಚಾರ ಮಾಡಿ, ಅಂದರೆ ಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಮುಚ್ಚಿಟ್ಟು ಹದ ಮಾಡಿ ಅನ್ನುತ್ತೇನೆ.

ಶಿರಾ ಸೀಮೆ:
ಯೂರಿಯಾ ತಿಂದರೆ ಕುರಿ ಸಾಯಲ್ವಾ ಮೇಡಂ?

ಚಳ್ಳಕೆರೆ ಪಶುವೈದ್ಯೆ:
ನೇರವಾಗಿ ತಿಂದರೆ ಸಾಯುತ್ತದೆ. ಅದಕ್ಕೇ ಚೀಲವನ್ನು ಮತ್ತು ಕರಗಿಸಿದ ನೀರನ್ನು ಕೊಟ್ಟಿಗೆಯಿಂದ ದೂರ ಇಡಿ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದ ಹಾಗೆ ಟಾರ್ಪಾಲ್ ಮುಚ್ಚಿ. ಮೂರು ವಾರ ಬಿಡಿ. ತೆಗೆದಾಗ ಕಣ್ಣು ಉರಿಯುವಷ್ಟು ವಾಸನೆ ಇರುತ್ತದೆ, ಹರಡಿ ಅದು ಇಳಿದ ಮೇಲೆ ಹಾಕಿ. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಮರಿಗಳಿಗೆ ಬೇಡ. ಅವಕ್ಕೆ ಹಿಂಡಿ, ಅಗಸೆ ಮರದ ಸೊಪ್ಪು ಕೊಡಿ.