ಎಚಿಂಗ್: ರಾತ್ರಿಯ ಬೀದಿಯ ನೆರಳು ಕಪ್ಪಾಗುತ್ತಿಲ್ಲ

ಮಸಿಗೈ:
ಅಮೆರಿಕದ ಕಲಾವಿದ ಎಡ್ವರ್ಡ್ ಹಾಪರ್ 1921ರಲ್ಲಿ ಮಾಡಿದ ‘ನೈಟ್ ಶ್ಯಾಡೋಸ್’ ಎಚಿಂಗ್ (ಲೋಹದ ತಗಡಿನಲ್ಲಿ ದ್ರಾವಣದಿಂದ ಗೆರೆ ಕೊರೆಯಿಸಿ, ಅದರೊಳಗೆ ಮಸಿ ತುಂಬಿ ಕಾಗದಕ್ಕೆ ಒತ್ತುವ ಮುದ್ರಣ) ನನ್ನನ್ನು ಹಿಡಿದು ನಿಲ್ಲಿಸಿದೆ. ಎತ್ತರದಿಂದ ಕಂಡ ಖಾಲಿ ಬೀದಿ, ಒಬ್ಬಂಟಿಯಾಗಿ ನಡೆಯುವ ಮನುಷ್ಯ, ಅಡ್ಡಲಾಗಿ ಚಾಚಿದ ಕಂಬದ ನೆರಳು. ಅದೇ ಜಾಡಿನಲ್ಲಿ ಒಂದು ಬೀದಿಯನ್ನು ತಾಮ್ರದ ತಗಡಿನ ಮೇಲೆ ಗೀರಿ, ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ 40 ನಿಮಿಷ ಇಟ್ಟೆ. ಐದು ಪ್ರತಿ ತೆಗೆದರೂ ನೆರಳು ಬೂದಿ ಬಣ್ಣ. ದೀಪದ ಬೆಳಕಿನ ಜಾಗವೂ ಮಬ್ಬು. ಮಸಿ ಬದಲಿಸಲೇ? ಗೆರೆಯಿಲ್ಲದೆ ಇಡೀ ಜಾಗಕ್ಕೆ ಛಾಯೆ ಕೊಡುವ ಅಕ್ವಾಟಿಂಟ್ ಹಾಕಲೇ?

ತಾಮ್ರಪಟ:
ಅಕ್ವಾಟಿಂಟ್ ಖಂಡಿತ ಬೇಡ. ಹಾಪರ್ ಆ ಕತ್ತಲನ್ನು ಗೆರೆಯ ಮೇಲೆ ಗೆರೆ ಎಳೆದೇ ಕಟ್ಟಿದ್ದಾರೆ. ಕತ್ತಲೊಳಗೆ ಉಸಿರಾಡುವಂತೆ ಕಾಣುವುದು ಆ ಗೆರೆಗಳ ನಡುವಿನ ಬಿಳಿ.

ಒಣಗಿದ ಪ್ರತಿಯ ನೆರಳಿನ ಮೇಲೆ ಮೆಲ್ಲನೆ ಬೆರಳಾಡಿಸಿ. ಗೆರೆ ಆಳವಾಗಿದ್ದರೆ ಮಸಿ ಕಾಗದದ ಮೇಲೆ ಉಬ್ಬಿ ನಿಂತು ತರಿತರಿಯಾಗಿ ತಗಲುತ್ತದೆ. ತಗಡನ್ನು ದ್ರಾವಣದಲ್ಲಿ ಹೇಗೆ ಇಟ್ಟಿದ್ದಿರಿ?

ಮಸಿಗೈ:
ಬೆರಳಿಗೆ ಏನೂ ಸಿಗುತ್ತಿಲ್ಲ, ನುಣ್ಣಗಿದೆ. ಗೆರೆಗಳು ಕಾಣುತ್ತಿರಲೆಂದು ತಗಡಿನ ಮುಖ ಮೇಲೆ ಮಾಡಿ ಇಟ್ಟಿದ್ದೆ.

ತಾಮ್ರಪಟ:
ಅಲ್ಲೇ ತೊಂದರೆ. ಫೆರಿಕ್ ಕ್ಲೋರೈಡ್ ತಾಮ್ರವನ್ನು ತಿನ್ನುವಾಗ ಗಷ್ಟು ಉಳಿಯುತ್ತದೆ. ಮುಖ ಮೇಲಿದ್ದರೆ ಅದು ಗೆರೆಯೊಳಗೇ ಕೂತು ಕೊರೆತವನ್ನು ತಡೆಯುತ್ತದೆ. ತಗಡನ್ನು ನೆಟ್ಟಗೆ ನಿಲ್ಲಿಸಿ, ಇಲ್ಲವೇ ಮೂಲೆಗಳಿಗೆ ಆಸರೆ ಕೊಟ್ಟು ಮುಖ ಕೆಳಗೆ ಮಾಡಿ ತೇಲಿಸಿ.

ಈ ತಗಡನ್ನು ಎಸೆಯಬೇಡಿ. ಗೆರೆಯೊಳಗಿನ ಹಳೆಯ ಮಸಿಯನ್ನು ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್‌ನಿಂದ ತೆಗೆದು, ಸೀಮೆಸುಣ್ಣದ ಪುಡಿಯಿಂದ ಜಿಡ್ಡು ಬಿಡಿಸಿ. ಕೊರೆತದಿಂದ ತಗಡನ್ನು ಕಾಯುವ ಮೇಣದಂಥ ಲೇಪ, ಹಾರ್ಡ್ ಗ್ರೌಂಡನ್ನು ಗಟ್ಟಿ ರೋಲರ್‌ನಿಂದ ತೀರಾ ತೆಳ್ಳಗೆ ಸವರಿ; ಮೇಲ್ಮೈ ಮುಚ್ಚಬೇಕು, ಗೆರೆ ತೆರೆದಿರಬೇಕು. ಬೆಳಕಿನ ಭಾಗಕ್ಕೆ ವಾರ್ನಿಷ್ ಹಚ್ಚಿ, ನೆರಳನ್ನು ಮಾತ್ರ ಮತ್ತೆ ಕೊರೆಯಿಸಿ. ಹತ್ತು ನಿಮಿಷಕ್ಕೊಮ್ಮೆ ತೊಳೆದು ನೋಡಿ.

ಬೆಳಕಿನ ಜಾಗದ ಮಬ್ಬಿಗೆ ಕಾರಣ ಮಾತ್ರ ತಗಡಿನ ಮೇಲಿನ ಹೆಚ್ಚುವರಿ ಮಸಿಯನ್ನು ಒರೆಸುವುದರಲ್ಲಿದೆ. ಟಾರ್ಲಟನ್ ಎಂಬ ಜಾಳು ಬಟ್ಟೆಯಿಂದ ಒರೆಸಿದ ನಂತರ, ಅಂಗೈಗೆ ಚಿಟಿಕೆ ಸೀಮೆಸುಣ್ಣದ ಪುಡಿ ಸವರಿಕೊಂಡು ಹಗುರವಾಗಿ ಒರೆಸಿ. ಹಾಪರ್ ತಮ್ಮದೇ ಪ್ರೆಸ್ಸಿನಲ್ಲಿ ಮುದ್ರಿಸುತ್ತಿದ್ದರು, ಅತಿ ಕಪ್ಪು ಮಸಿಯನ್ನೂ ಅತಿ ಬಿಳಿ ಕಾಗದವನ್ನೂ ಹುಡುಕಿ ತರಿಸುತ್ತಿದ್ದರು. ಬಿಳಿ ಕೆಟ್ಟರೆ ಪಕ್ಕದ ಕಪ್ಪೂ ಸೋಲುತ್ತದೆ.

ಮಸಿಗೈ:
ಎರಡು ಸುತ್ತು ಕೊರೆಯಿಸಿದೆ. ನೆರಳು ಈಗ ಬೆರಳಿಗೆ ತಗಲುತ್ತಿದೆ! ಆದರೆ ಗೋಡೆಯ ಮೂಲೆಯಲ್ಲಿ ಗೆರೆಗಳು ಒಂದರೊಳಗೊಂದು ಕುಸಿದು, ಉಗುರಿನಷ್ಟಗಲ ಜಾಗ ಮತ್ತೆ ಬೂದಿಯಾಗಿದೆ.

ತಾಮ್ರಪಟ:
ಅದು ಅತಿಯಾದ ಕೊರೆತ. ಗೆರೆಗಳ ನಡುವಿನ ಗೋಡೆ ಬಿದ್ದುಹೋದರೆ ಮಸಿಗೆ ನಿಲ್ಲಲು ಜಾಗವಿಲ್ಲ, ಒರೆಸುವಾಗ ಬಟ್ಟೆಯೊಂದಿಗೆ ಹೊರಟುಹೋಗುತ್ತದೆ. ಅಲ್ಲಿಗೆ ಮತ್ತೆ ದ್ರಾವಣ ಮುಟ್ಟಿಸಬೇಡಿ. ತಗಡನ್ನು ನೇರವಾಗಿ ಗೀರುವ ಡ್ರೈಪಾಯಿಂಟ್ ಸೂಜಿಯಿಂದ ಆ ಜಾಗದಲ್ಲಷ್ಟೇ ಸಣ್ಣ ಗೆರೆಗಳನ್ನು ಗೀರಿ, ಮುಂದಿನ ಪ್ರತಿಯ ಫೋಟೋ ಹಾಕಿ.